ಗ್ರೈಂಡರ್ ನೋಡಲು ಹೋದವರು

ನಮ್ಮ ಮನೆಗಳಲ್ಲಿ ಹುಟ್ಟುಹಬ್ಬಕ್ಕೆ ಎರಡು ದಿನಗಳು. ಒಂದು ಪಂಚಾಂಗದ್ದು, ಇನ್ನೊಂದು ಶಾಲೆಯ ದಾಖಲೆಯದು. ಪಂಚಾಂಗದ ದಿನ ಎಣ್ಣೆಸ್ನಾನ, ದೇವರಿಗೆ ದೀಪ, ಶಾವಿಗೆ ಪಾಯಸ, ಹಿರಿಯರ ಕಾಲಿಗೆ ನಮಸ್ಕಾರ. ದಾಖಲೆಯ ದಿನ ಸಂಜೆ ಬಿಲ್ಡಿಂಗಿನ ಮಕ್ಕಳನ್ನೆಲ್ಲ ಕರೆದು ಒಂದು ಕೇಕು, ಬಟಾಟೆ ವೇಫರ್ಸು, ಸಮೋಸ, ಕಿತ್ತಳೆ ಬಣ್ಣದ ಶರಬತ್ತು. ಹತ್ತನೆಯ ತರಗತಿ ದಾಟಿದ ಮೇಲೆ ಕೇಕು ನಿಂತುಹೋಗುತ್ತಿತ್ತು. ಪಾಯಸ ಮಾತ್ರ ನಿಲ್ಲುತ್ತಿರಲಿಲ್ಲ.

ಈಗಿನ ನಿಮ್ಮ ಹುಟ್ಟುಹಬ್ಬಗಳ ಸಂಭ್ರಮ ನಾನು ಬಲ್ಲೆ, ಮಿತ್ರರೇ. ಕರ್ಜತಿನ ತೋಟದ ಮನೆ, ಪವನಾ ಜಲಾಶಯದ ದಂಡೆಯ ಡೇರೆ, ಇನ್ನೂ ಹೊಸತು ಬೇಕೆಂದರೆ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ 2021ರ ನವೆಂಬರಿನಲ್ಲಿ ತೆರೆದ ಆ ಪಾಡ್ ಹೋಟೆಲು. 48 ಗೂಡುಗಳು, ಒಂದೊಂದರಲ್ಲೂ ದೀಪ, ಗಾಳಿ, ಪರದೆ. ರೈಲ್ವೆ ನಿಲ್ದಾಣದಲ್ಲಿ ಮಲಗಲು ದುಡ್ಡು ಕೊಡುವ ಕಾಲ ಬಂದೀತೆಂದು ನಮ್ಮ ಹಿರಿಯರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಅವರಲ್ಲಿ ಎಷ್ಟೋ ಮಂದಿ ಮುಂಬಯಿಗೆ ಬಂದ ಮೊದಲ ರಾತ್ರಿ ಪ್ಲಾಟ್‌ಫಾರಮ್ಮಿನಲ್ಲಿ ಪುಕ್ಕಟೆ ಮಲಗಿದವರೇ.

ನಾನು ಹೇಳಹೊರಟದ್ದು 1998ರ ಜನವರಿ 10ರ ಶನಿವಾರದ ರಾತ್ರಿಯ ಮಾತು.

ಸಂಘದ ನಾಟಕದ ತಾಲೀಮಿನಲ್ಲಿ ಒಟ್ಟಾದ ಗುಂಪು ನಮ್ಮದು. ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುತ್ತಿರಲಿಲ್ಲ, ಊರಿನಿಂದ ಕರೆಯುತ್ತಿದ್ದೆವು. ಕುಂದಾಪುರ, ಅಂಕೋಲೆ, ಜಮಖಂಡಿ, ಕಾಸರಗೋಡು. ನಾನು ಕಾರ್ಕಳ. ತಮಾಷೆಯೆಂದರೆ ನಾವೆಲ್ಲ ಹುಟ್ಟಿ ಬೆಳೆದದ್ದು ಡೊಂಬಿವಲಿ, ಕಲ್ಯಾಣ, ವಾಶಿಗಳಲ್ಲಿ. ಆ ಊರುಗಳಿಗೆ ನಾವು ಬೇಸಿಗೆ ರಜೆಯ ಅತಿಥಿಗಳು. ಅಲ್ಲಿಯ ಮಕ್ಕಳು ನಮ್ಮನ್ನು ‘ಬೊಂಬಾಯಿಯವರು’ ಎನ್ನುತ್ತಿದ್ದರು. ನಮ್ಮೊಳಗಿನ ಮಾತು ಅರ್ಧ ಮರಾಠಿ, ಕಾಲು ಹಿಂದಿ, ಉಳಿದಷ್ಟು ಕನ್ನಡ. ವೇದಿಕೆಯ ಮೇಲೆ ಮಾತ್ರ ಅಚ್ಚಗನ್ನಡ, ಅದೂ ಬಾಯಿಪಾಠ ಮಾಡಿದ್ದು.

ಕುಂದಾಪುರನ ತಂದೆಗೆ ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಒಂದು ಸಣ್ಣ ಹೋಟೆಲಿತ್ತು. ಹನ್ನೊಂದು ಮೇಜು, ಒಂದು ಗಲ್ಲ, ಗಲ್ಲದ ಹಿಂದೆ ಗಣಪತಿಯ ಪಟ. ಅವರು ಹನ್ನೆರಡನೆಯ ವಯಸ್ಸಿಗೆ ಊರು ಬಿಟ್ಟು ಬಂದು, ಕಪ್ಪು ಬಶಿ ತೊಳೆಯುತ್ತಾ ರಾತ್ರಿ ಶಾಲೆಯಲ್ಲಿ ಓದಿ, ಬಹಳ ವರ್ಷಗಳ ಮೇಲೆ ಸ್ವಂತದ್ದೆಂದು ಮಾಡಿಕೊಂಡ ಹೋಟೆಲು. 1997ರ ಮಳೆಗಾಲಕ್ಕೆ ಮುಂಚೆ, ಒಂದು ಬೆಳಗಿನ ಜಾವ ಹಾಲಿನ ಕ್ಯಾನು ಇಳಿಸಿಕೊಳ್ಳುವಾಗಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಹದಿಮೂರು ದಿನ ಕಳೆದ ಮಾರನೆಯ ಬೆಳಿಗ್ಗೆ ಐದು ಗಂಟೆಗೆ ನಮ್ಮ ಗೆಳೆಯ ಗಲ್ಲದಲ್ಲಿ ಕೂತಿದ್ದ. ಆಗ ಅವನಿಗೆ ಇಪ್ಪತ್ತು.

ಅಲ್ಲಿಂದ ಎಂಟು ತಿಂಗಳು ಅವನು ಒಂದು ದಿನ ರಜೆ ಮಾಡಲಿಲ್ಲ. ತಾಲೀಮಿಗೆ ಬರುವುದು ಬಿಟ್ಟ. ಕಾಲೇಜು ಬಿಟ್ಟ, ಬಿ.ಕಾಂ.ನ ಕೊನೆಯ ವರ್ಷ ಅದು. ನಾವು ಹೋಟೆಲಿಗೆ ಹೋದರೆ ಚಾ ಕೊಡಿಸುತ್ತಿದ್ದ, ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಏನು ಕೇಳಿದರೂ ‘ಸಬ್ ಠೀಕ್’ ಎನ್ನುವುದು. ಸತ್ತ ಮನೆಗೆ ಬಂದವರೆಲ್ಲ ಅವನ ಬೆನ್ನು ತಟ್ಟಿ ‘ಗಟ್ಟಿಯಾಗಿರು’ ಎಂದು ಹೇಳಿಹೋಗಿದ್ದರು. ಹುಡುಗ ಅದನ್ನು ಅಕ್ಷರಶಃ ಪಾಲಿಸಿದ್ದ. ಅವನು ಅತ್ತದ್ದನ್ನು ನಾವ್ಯಾರೂ ಕಂಡಿರಲಿಲ್ಲ, ಅವನ ಅಮ್ಮನೂ ಕಂಡಿರಲಿಲ್ಲ.

ಹೀಗೆ ಒಂದು ದಿನ ಆ ಅಮ್ಮನೇ ಅಂಕೋಲೆಯನ್ನು ಅಡುಗೆಮನೆಯ ಬಾಗಿಲಿಗೆ ಕರೆದು, ಜನವರಿ ಹನ್ನೊಂದಕ್ಕೆ ಅವನಿಗೆ ಇಪ್ಪತ್ತೊಂದು ತುಂಬುತ್ತದೆ, ಎಲ್ಲಿಗಾದರೂ ಕರೆದುಕೊಂಡು ಹೋಗಿ ಮಕ್ಕಳೇ, ಒಂದು ರಾತ್ರಿಯಾದರೂ ಅವನು ಈ ಹೋಟೆಲಿನ ಸದ್ದು ಕೇಳದ ಹಾಗೆ ಮಲಗಲಿ ಎಂದರು. ಅದರ ಜೊತೆಗೆ ಇನ್ನೊಂದು ವಿಷಯವೂ ಇತ್ತು. ಪರೀಕ್ಷೆಯ ಫಾರ್ಮ್ ತುಂಬುವ ಕೊನೆಯ ದಿನ ಅದೇ ವಾರದಲ್ಲಿತ್ತು. ಅಂಕೋಲೆ ಅವನದೇ ತರಗತಿಯವನು. ಅವನು ಒಂದು ಫಾರ್ಮ್ ತಂದು ಎಲ್ಲವನ್ನೂ ತುಂಬಿ, ಸಹಿಯ ಜಾಗ ಮಾತ್ರ ಖಾಲಿ ಬಿಟ್ಟು ಇಟ್ಟುಕೊಂಡಿದ್ದ.

ಎಲ್ಲಿಗೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದು ಜಮಖಂಡಿಯ ಅಣ್ಣ. ಕಲ್ಯಾಣದ ರೈಲ್ವೆ ಕಾಲನಿಯಲ್ಲಿದ್ದ ಆ ಮನೆಯಲ್ಲಿ ಹುಡುಗಿಯನ್ನು ರಾತ್ರಿ ಹೊರಗೆ ಕಳಿಸುವ ಮಾತೇ ಇರಲಿಲ್ಲ. ಅಣ್ಣ ಜೊತೆಗಿದ್ದರೆ ಮಾತ್ರ ಎಂದರು ಅವಳ ಅಪ್ಪ. ಅಣ್ಣನೋ, ಡೊಂಬಿವಲಿಯ ಮರಾಠಿ ಹುಡುಗರ ಜೊತೆ ಪ್ರತಿ ತಿಂಗಳೂ ಸಹ್ಯಾದ್ರಿಯ ಒಂದೊಂದು ಕೋಟೆ ಹತ್ತುವವನು. ‘ಗೋರಖಗಡ’ ಎಂದ. ‘ದುಡ್ಡು ಬ್ಯಾಡ, ಬುಕಿಂಗ್ ಬ್ಯಾಡ. ಬೆಟ್ಟದ ಹೊಟ್ಟಿಯೊಳಗ ಗುಹೆ ಐತಿ. ಇಪ್ಪತ್ತು ಮಂದಿ ಆರಾಮ ಮಲಗಬಹುದು.’ ವಾಶಿಯ ಕಾಸರಗೋಡು ಹುಡುಗಿಗೆ ಅಪ್ಪಣೆ ಸಿಕ್ಕಿದ್ದು ಜಮಖಂಡಿ ಬರುತ್ತಾಳೆಂದು. ಜಮಖಂಡಿಗೆ ಸಿಕ್ಕಿದ್ದು ಕಾಸರಗೋಡು ಬರುತ್ತಾಳೆಂದು. ಥಾಣೆ-ವಾಶಿ ರೈಲು ಶುರುವಾದದ್ದು 2004ರಲ್ಲಿ, ಹಾಗಾಗಿ ಆ ಹುಡುಗಿ ಎರಡು ಬಸ್ಸು ಬದಲಿಸಿ ಹಿಂದಿನ ದಿನವೇ ಬಂದು ಜಮಖಂಡಿಯವರ ಮನೆಯಲ್ಲಿ ತಂಗಿದಳು.

ಇನ್ನುಳಿದದ್ದು ಗಲ್ಲ. ಭಾನುವಾರ ಬೆಳಿಗ್ಗೆ ಐದಕ್ಕೆ ಅಲ್ಲಿ ಒಬ್ಬ ನಂಬಿಕಸ್ಥ ಮನುಷ್ಯ ಬೇಕು. ಅಡುಗೆಯ ಭಟ್ಟರು ಇಡ್ಲಿ ನೋಡಬಲ್ಲರು, ದುಡ್ಡು ನೋಡಲಾರರು. ನನ್ನ ತಂದೆ ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಕ್ಯಾಷಿಯರಾಗಿದ್ದವರು. ಹಿಂಜರಿಯುತ್ತಾ ಕೇಳಿದೆ. ‘ಬ್ಯಾಂಕಿನಲ್ಲಿ ಯಾರೂ ನನಗೆ ಮಸಾಲೆ ದೋಸೆ ಕೊಟ್ಟಿರಲಿಲ್ಲ’ ಎಂದು ಹೇಳಿ ಒಪ್ಪಿಕೊಂಡರು.

ಕುಂದಾಪುರನಿಗೆ ನಾವು ಹೇಳಿದ್ದು ಇಷ್ಟೇ: ಮುರಬಾಡದಲ್ಲಿ ಯಾರೋ ಹೋಟೆಲು ಮುಚ್ಚುತ್ತಿದ್ದಾರೆ, ಹತ್ತು ಲೀಟರಿನ ಗ್ರೈಂಡರ್ ಅಗ್ಗಕ್ಕೆ ಕೊಡುತ್ತಾರೆ, ನೋಡಿಕೊಂಡು ಬರೋಣ. ಹೋಟೆಲಿನ ಗ್ರೈಂಡರ್ ಆ ದಿನಗಳಲ್ಲಿ ದಿನಕ್ಕೆರಡು ಸಲ ನಿಲ್ಲುತ್ತಿತ್ತು. ಹುಟ್ಟುಹಬ್ಬವೆಂದರೆ ಕದಲದವನು ಗ್ರೈಂಡರೆಂದರೆ ಎದ್ದು ನಿಂತ.

ಮಧ್ಯಾಹ್ನದ ಊಟದ ಗಡಿಬಿಡಿ ಮುಗಿಸಿ ಎರಡೂವರೆಗೆ ಲೋಕಲ್ ಹಿಡಿದೆವು. ಠಾಕುರ್ಲಿ, ಕಲ್ಯಾಣ. ಎಸ್.ಟಿ. ಸ್ಟ್ಯಾಂಡಿನಲ್ಲಿ ಜಮಖಂಡಿ ಅಣ್ಣ-ತಂಗಿ ಮತ್ತು ಕಾಸರಗೋಡು ‘ಆಕಸ್ಮಿಕವಾಗಿ’ ಸಿಕ್ಕರು. ಅವರೂ ಮುರಬಾಡಕ್ಕೇ ಹೊರಟವರಂತೆ, ಯಾರದೋ ಮನೆಗೆ. ಮೂವರ ಬೆನ್ನಿನಲ್ಲೂ ಎರಡೆರಡು ದಿನದ ಮೂಟೆ. ಕುಂದಾಪುರ ಒಮ್ಮೆ ನೋಡಿದ, ಏನೂ ಹೇಳಲಿಲ್ಲ. ಕೆಂಪು ಬಸ್ಸು ಶಹಾಡ ದಾಟಿ, ಮ್ಹಾರಳ, ಕಾಂಬಾ ದಾಟಿ, ರಾಯತೆಯ ಹತ್ತಿರ ಉಲ್ಹಾಸ ನದಿ ದಾಟಿತು. ಅಲ್ಲಿಂದಾಚೆಗೆ ಕೊಯ್ಲಾದ ಗದ್ದೆಗಳು, ಹುಲ್ಲಿನ ಬಣವೆಗಳು. ದಿನಾ ಬೆಳಗಾದರೆ ಲೋಕಲಿನ ಬಾಗಿಲಲ್ಲಿ ನೇತಾಡುವ ನಮಗೆ, ಮುಕ್ಕಾಲು ಗಂಟೆಯ ದೂರದಲ್ಲಿ ಇಂಥ ನಾಡೊಂದು ಇದೆಯೆಂಬುದೇ ಗೊತ್ತಿರಲಿಲ್ಲ.

ಮುರಬಾಡದಲ್ಲಿ ಇಳಿದ ಕೂಡಲೇ ಅಣ್ಣ ನಮ್ಮನ್ನೆಲ್ಲ ಮ್ಹಸೆಗೆ ಹೋಗುವ ಜೀಪಿಗೆ ತುಂಬಿದ. ಗ್ರೈಂಡರ್ ಇನ್ನೂ ಮುಂದಿನ ಊರಿನಲ್ಲಿದೆಯಂತೆ ಎಂದೆವು. ಸೋಮವಾರ ಪುಷ್ಯ ಹುಣ್ಣಿಮೆ. ಮ್ಹಸೆಯಲ್ಲಿ ಮ್ಹಸೋಬನ ಜಾತ್ರೆ ಅಂದು ಶುರುವಾಗುವುದು. ಅದು ದನಗಳ ಜಾತ್ರೆಯೂ ಹೌದು. ರಸ್ತೆಯುದ್ದಕ್ಕೂ ಕೊಂಬಿಗೆ ಬಣ್ಣ ಹಚ್ಚಿದ ಎತ್ತುಗಳು, ಗಂಟೆಯ ಸದ್ದು, ಗಾಡಿಗಳ ಮೇಲೆ ಸಂಸಾರ ಸಮೇತ ಕೂತ ಜನ. ಜೀಪು ಆಮೆಯಂತೆ ಸಾಗುತ್ತಿತ್ತು. ಮ್ಹಸೆ ಮುಟ್ಟಿದಾಗ ಬಿಸಿಲು ಇಳಿದಿತ್ತು.

ಅಲ್ಲಿ ಅವನು ಇಳಿದು ರಸ್ತೆಯ ಮೇಲೆ ನಿಂತುಬಿಟ್ಟ.

‘ಎಲ್ಲಿಗ್ ಹೋಪುದ್ ನಾವ್? ಸತ್ಯ ಹೇಳಿ.’

ಎಂಟು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಕುಂದಾಪ್ರ ಕನ್ನಡ ಅದು. ಸಿಟ್ಟಿನಲ್ಲಿ ಬಂದದ್ದು. ಅಂಕೋಲೆ ಇದ್ದದ್ದನ್ನು ಹೇಳಿದ. ಕೇಳಿದವನ ಮುಖ ಕೆಂಪಾಯಿತು. ನಾಳೆ ಹಾಲಿನವನಿಗೆ ಯಾರು ದುಡ್ಡು ಕೊಡುವುದು, ಗ್ಯಾಸಿನವನು ಬರುತ್ತಾನೆ, ಹುಡುಗರಲ್ಲಿ ಒಬ್ಬ ಜ್ವರ ಎಂದು ಮಲಗಿದ್ದಾನೆ, ನಿಮಗೆ ಅಪ್ಪ ಇದ್ದಾರೆ, ನಿಮಗೆ ಇದೆಲ್ಲ ಆಟ ಎಂದ. ಆ ಕೊನೆಯ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮುರಬಾಡದ ಕಡೆಗೆ ಹೊರಟ ಜೀಪೊಂದು ಎದುರಿಗೇ ನಿಂತಿತ್ತು. ಅವನು ಒಂದು ಕಾಲು ಅದರ ಮೆಟ್ಟಿಲ ಮೇಲಿಟ್ಟ.

ಕಾಸರಗೋಡು ಹುಡುಗಿ ಜಗಳದ ನಡುವೆ ಬರುವವಳಲ್ಲ. ಸುಮ್ಮನೆ ಹೋಗಿ ಒಂದು ಬಟ್ಟೆಯ ಚೀಲ ಅವನ ಕೈಗೆ ಕೊಟ್ಟಳು, ‘ಅಮ್ಮ ಕೊಟ್ಟದ್ದು’ ಎಂದಳು. ಚೀಲದಲ್ಲಿ ಒಂದು ಉಣ್ಣೆಯ ಮಫ್ಲರು, ಮೂರು ಸೆಲ್ಲಿನ ಉದ್ದನೆಯ ಟಾರ್ಚು, ಸ್ಟೀಲಿನ ಡಬ್ಬಿಯಲ್ಲಿ ಹಾಲ್ಬಾಯಿ. ಮಫ್ಲರೂ ಟಾರ್ಚೂ ತಂದೆಯವು. ನಸುಕಿನಲ್ಲಿ ಹೋಟೆಲಿಗೆ ಹೋಗುವಾಗ ಅವರು ದಿನಾ ಹಿಡಿದುಕೊಳ್ಳುತ್ತಿದ್ದ ಟಾರ್ಚು. ಹೊಸ ಸೆಲ್ಲು ಹಾಕಿಸಿ ಕಳಿಸಿದ್ದರು. ಅವನು ಗುಂಡಿ ಒತ್ತಿ ನೋಡಿದ, ಆರಿಸಿದ, ಮತ್ತೆ ಒತ್ತಿದ. ಜೀಪಿನವನು ‘ಯೇತೋಸ್ ಕಾ?’ ಎಂದು ಎರಡು ಸಲ ಕೂಗಿ ಹೊರಟುಹೋದ.

ದೇಹರಿ ಎಂಬ ಹಳ್ಳಿಯಿಂದ ದಾರಿ ಏರುತ್ತದೆ. ಊರಿನಿಂದಲೇ ಎರಡು ಶಿಖರಗಳು ಕಾಣುತ್ತವೆ, ನೆಟ್ಟ ಹೆಬ್ಬೆರಳು ಮತ್ತು ಕಿರುಬೆರಳಿನ ಹಾಗೆ. ದೊಡ್ಡದು ಗೋರಖಗಡ, ಪಕ್ಕದ ಚೂಪಾದದ್ದು ಮಚ್ಛಿಂದ್ರಗಡ. ಶಿಷ್ಯ ದೊಡ್ಡವನು, ಗುರು ಸಣ್ಣವನು. ಇದು ಯಾವ ನ್ಯಾಯವೆಂದು ಅಂಕೋಲೆ ಕೇಳಿದ. ಚಂದ್ರ ಆಗಲೇ ಮೇಲೆ ಬಂದಿದ್ದ. ಒಂದು ಗಂಟೆ ಕಾಡಿನ ದಾರಿ, ಆಮೇಲೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು. ಕೆಲವು ಕಡೆ ಮೆಟ್ಟಿಲಿಗಿಂತ ಏಣಿ ಎನ್ನುವುದೇ ಸರಿ. ಅಣ್ಣ ಮುಂದೆ, ಹುಡುಗಿಯರು ನಡುವೆ, ಕೊನೆಯಲ್ಲಿ ಕುಂದಾಪುರ. ಅವನ ಟಾರ್ಚಿನ ಬೆಳಕು ನಮ್ಮೆಲ್ಲರ ಕಾಲಿನ ಮುಂದೆ ಬೀಳುವಂತೆ ಹಿಡಿದುಕೊಂಡೇ ಬಂದ. ಯಾರ ಕಾಲು ಎಲ್ಲಿ ಇಡಬೇಕೆಂದು ಹೇಳುತ್ತಾ ಬಂದ. ಹೋಟೆಲು ನಡೆಸುವವನ ಅಭ್ಯಾಸ, ಬೆಟ್ಟದಲ್ಲೂ ಬಿಡಲಿಲ್ಲ. (ರಾತ್ರಿ ಆ ಮೆಟ್ಟಿಲು ಹತ್ತುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ನಮ್ಮ ಅಣ್ಣನಿಗೆ ಆ ಬೆಟ್ಟ ನಾಲ್ಕನೆಯ ಸಲ.)

ಗುಹೆ ಎಂದರೆ ನೀವು ಬಾವಲಿಗಳ ಬಿಲವನ್ನು ನೆನೆಯಬೇಡಿ. ಬೆಟ್ಟವನ್ನು ಕೊರೆದು ಮಾಡಿದ ಒಂದು ಹಜಾರ ಅದು. ಮುಂದೆ ಕಲ್ಲಿನ ಕಂಬಗಳು, ಕಂಬಗಳ ಮುಂದೆ ಒಂದು ಅಂಗಳ, ಅಂಗಳದ ಅಂಚಿನಲ್ಲಿ ಎರಡು ಚಾಫಾ ಮರಗಳು. ಊರಿನ ದೇವಸ್ಥಾನಗಳ ಪಕ್ಕ ಇರುತ್ತದಲ್ಲ, ಎಲೆ ಉದುರಿಸಿ ಬೋಳುಕೊಂಬೆಯಲ್ಲಿ ನಿಲ್ಲುವ ಆ ಬಿಳಿ ಹೂವಿನ ಮರ, ಅದೇ. ಮರದಾಚೆಗೆ ನೆಲವಿಲ್ಲ. ಕಣಿವೆ, ಕಣಿವೆಯ ಆಚೆ ಬೆಳದಿಂಗಳಲ್ಲಿ ಮಚ್ಛಿಂದ್ರಗಡದ ಬರಿಬಂಡೆ. ಪಕ್ಕದಲ್ಲೇ ಬಂಡೆಯಲ್ಲಿ ಕಡಿದ ನೀರಿನ ತೊಟ್ಟಿ; ತಣ್ಣನೆಯ, ಸಿಹಿ ನೀರು. ಯಾರು ಕಡಿದರು ಇದನ್ನೆಲ್ಲ? ಇದೇ ತಾಲೂಕಿನ ಇನ್ನೊಂದು ಮೂಲೆಯಲ್ಲಿ ನಾಣೇಘಾಟವಿದೆ. ಎರಡು ಸಾವಿರ ವರ್ಷದ ಹಿಂದೆ ಕಲ್ಯಾಣದ ಬಂದರಿನಿಂದ ಜುನ್ನರಕ್ಕೆ ಸರಕು ಏರುತ್ತಿದ್ದ ದಾರಿ ಅದು. ಅಲ್ಲಿಯ ಗುಹೆಯಲ್ಲಿ ಶಾತವಾಹನರ ರಾಣಿ ನಾಗನಿಕೆಯ ಬ್ರಾಹ್ಮೀ ಶಾಸನವಿದೆ. ದಿನಾ 8.12ರ ಲೋಕಲಿಗೆ ನೂಕಾಡುವ ನಮ್ಮ ಕಲ್ಯಾಣಕ್ಕೆ ಇಷ್ಟು ಹಳೆಯ ಚರಿತ್ರೆ. ಈ ಸೀಮೆಯ ಬೆಟ್ಟಗಳಲ್ಲಿ ಸನ್ಯಾಸಿಗೂ ವ್ಯಾಪಾರಿಗೂ ತಲೆ ಮರೆಸಲು ಕಲ್ಲು ಕಡಿದ ಪುಣ್ಯಾತ್ಮರಿಗೆ ಲೆಕ್ಕವಿಲ್ಲ.

ಕೇಕು ಬೆಟ್ಟ ಹತ್ತುವುದಿಲ್ಲವೆಂದು ಭಟ್ಟರಿಗೆ ಗೊತ್ತಿತ್ತು. ಕುಂದಾಪುರನ ಕಣ್ಣು ತಪ್ಪಿಸಿ ಸ್ಟೀಲಿನ ಲೋಟಗಳಲ್ಲಿ ಇಡ್ಲಿ ಬೇಯಿಸಿ ಬಾಳೆಯೆಲೆಯಲ್ಲಿ ಸುತ್ತಿ ಕೊಟ್ಟಿದ್ದರು. ಗೇಣುದ್ದದ ಒಂದು ಇಡ್ಲಿಯ ನೆತ್ತಿಗೆ ಅಂಕೋಲೆ ಮೇಣದ ಬತ್ತಿ ಚುಚ್ಚಿದ. ಜಮಖಂಡಿಯ ಚೀಲದಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು ಹೊರಬಂತು. ಕಾಸರಗೋಡಿನದು ಅವಲಕ್ಕಿ. ಎಲ್ಲಕ್ಕೂ ಮೊದಲು ಜಮಖಂಡಿ ಒಂದು ಮುತ್ತುಗದ ಎಲೆಯ ಮೇಲೆ ಎರಡು ಬತ್ತಿ ಹಚ್ಚಿ, ಅವನನ್ನು ಪೂರ್ವಕ್ಕೆ ಮುಖ ಮಾಡಿಸಿ ಕೂರಿಸಿ, ಅವಳ ಅವ್ವ ಪೊಟ್ಟಣ ಕಟ್ಟಿ ಕೊಟ್ಟಿದ್ದ ಕುಂಕುಮ ಹಚ್ಚಿ ಆರತಿ ಎತ್ತಿದಳು. ಪೂರ್ವ ಯಾವುದೆಂದು ಗುಹೆಯೊಳಗೆ ಸ್ವಲ್ಪ ಚರ್ಚೆಯಾಯಿತು. ಅವನು ಬತ್ತಿ ಊದಿ ಆರಿಸಲು ಒಪ್ಪಲಿಲ್ಲ. ದೀಪ ಆರಿಸಬಾರದು, ಉರಿಯಲಿ ಎಂದ.

ಊಟವಾದ ಮೇಲೆ ಚಳಿ. ಕಂಬಕ್ಕೆ ಒರಗಿ ಕಂಬಳಿ ಹೊದ್ದು ಕೂತೆವು. ಹೆಸರಿನ ಮಾತು ಬಂತು. ಕಾಸರಗೋಡು ಹೇಳಿದಳು, ಈ ಗೋರಖ, ಈ ಮಚ್ಛಿಂದ್ರ ನಮಗೆ ಹೊರಗಿನವರಲ್ಲ, ಮಂಗಳೂರಿನ ಕದ್ರಿಯಲ್ಲಿ ಇಬ್ಬರೂ ಇದ್ದಾರೆ ಎಂದು. ಕದ್ರಿಯ ಮಂಜುನಾಥನ ಗುಡಿಯ ಮೇಲೆಯೇ ಜೋಗಿಮಠ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕುಂಭಮೇಳ ಮುಗಿದ ಮೇಲೆ ನಾಥಪಂಥದ ಜೋಗಿಗಳು ತ್ರ್ಯಂಬಕೇಶ್ವರದಿಂದ ಹೊರಟು, ತಿಂಗಳುಗಟ್ಟಲೆ ನಡೆದು ಕದ್ರಿಗೆ ಬರುತ್ತಾರೆ. ಅಲ್ಲಿ ಮಠಕ್ಕೆ ಹೊಸ ‘ರಾಜ’ನ ಪಟ್ಟಾಭಿಷೇಕವಾಗುತ್ತದೆ. ಅವಳ ಅಜ್ಜ ಆ ಮೆರವಣಿಗೆ ನೋಡಿದ್ದರಂತೆ. (ಇತ್ತೀಚಿನ ಪಟ್ಟಾಭಿಷೇಕ ನಡೆದದ್ದು 2016ರಲ್ಲಿ.) ‘ನಮ್ಮ ಅಪ್ಪಂದಿರು ಊರಿಂದ ಇಲ್ಲಿಗೆ ಬಂದರು, ಇವರು ಇಲ್ಲಿಂದ ಊರಿಗೆ ಹೋಗುತ್ತಾರೆ, ನಡೆದುಕೊಂಡೇ’ ಎಂದಳು.

ಆಗ ಜಮಖಂಡಿ ‘ಅಲ್ಲೋ, ಗೋರಕ್ಷನ ಕಥಿ ನಿಮಗ್ಯಾರಿಗೂ ಗೊತ್ತಿಲ್ಲೇನು?’ ಎಂದು ಶುರುಮಾಡಿದಳು. ಹದಿನೈದನೆಯ ಶತಮಾನದಲ್ಲಿ ಚಾಮರಸ ಬರೆದ ‘ಪ್ರಭುಲಿಂಗಲೀಲೆ’ಯಲ್ಲಿ ಬರುವ ಕಥೆ ಅದು, ಅವಳು ಕೇಳಿದ್ದು ಅಜ್ಜಿಯ ಬಾಯಲ್ಲಿ. ಗೋರಕ್ಷ ಯೋಗದಿಂದ ದೇಹವನ್ನು ವಜ್ರ ಮಾಡಿಕೊಂಡಿದ್ದ. ಅಲ್ಲಮಪ್ರಭು ಎದುರಾದಾಗ, ಬೇಕಾದರೆ ಕತ್ತಿಯಿಂದ ಹೊಡೆದು ನೋಡು ಎಂದ. ಅಲ್ಲಮ ಹೊಡೆದ. ಖಣಿಲ್ ಎಂದು ಸದ್ದಾಯಿತು, ಒಂದು ಕೂದಲೂ ಕೊಂಕಲಿಲ್ಲ. ಗೋರಕ್ಷ ಬೀಗಿದ. ಅಲ್ಲಮ ನಕ್ಕು, ಸದ್ದಾಯಿತಲ್ಲ, ಈಗ ನೀನು ನನಗೆ ಹೊಡೆ ಎಂದು ಕತ್ತಿ ಅವನ ಕೈಗೆ ಕೊಟ್ಟ. ಗೋರಕ್ಷ ಬೀಸಿದ. ಕತ್ತಿ ಈ ಕಡೆಯಿಂದ ಆ ಕಡೆಗೆ ಗಾಳಿಯಲ್ಲಿ ಹಾದ ಹಾಗೆ ಹಾದುಹೋಯಿತು. ಎಷ್ಟು ಸಲ ಬೀಸಿದರೂ ಅಷ್ಟೇ. ಕತ್ತಿ ಕೆಳಗಿಟ್ಟು ಗೋರಕ್ಷ ಕೈಮುಗಿದ.

‘ಅಂದರ, ಗಟ್ಟಿ ಆದಾಂವ ಸೋತ’ ಎಂದಳು ಅವಳು. ಅವಳು ಅದನ್ನು ಯಾರಿಗೂ ಗುರಿಯಿಟ್ಟು ಹೇಳಿದ್ದಲ್ಲ, ಅಜ್ಜಿ ಹಾಗೆ ಮುಗಿಸುತ್ತಿದ್ದಳಂತೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕಣಿವೆಯಿಂದ ಎತ್ತಿನ ಗಂಟೆಯ ಸದ್ದು ತೇಲಿ ಬರುತ್ತಿತ್ತು, ರಾತ್ರಿಯೂ ಜನ ಜಾತ್ರೆಗೆ ನಡೆಯುತ್ತಿದ್ದರು.

ಆಮೇಲೆ ಕುಂದಾಪುರ ಮಾತಾಡಿದ. ‘ಅಪ್ಪಯ್ಯಂಗೆ ರೈಲಂಗ್ ಊರಿಗ್ ಹೋಯ್ಕ್ ಅಂದೇಳಿ ಇದ್ದಿತ್.’ ಎಲ್ಲರೂ ಸುಮ್ಮನೆ ಕೇಳಿದೆವು. ಆಗ ಊರಿಗೆಂದರೆ ಇಡೀ ಒಂದು ಹಗಲು ರಾತ್ರಿ ಬಸ್ಸಿನಲ್ಲಿ ಮೂಳೆ ಸವೆಸುವ ಪ್ರಯಾಣ. ಕೊಂಕಣ ರೈಲ್ವೆಯ ಕೆಲಸ ಎಲ್ಲಿಗೆ ಬಂತೆಂದು ಅವರು ದಿನಾ ಪತ್ರಿಕೆಯಲ್ಲಿ ಹುಡುಕುತ್ತಿದ್ದರಂತೆ. ಗೋವೆಯ ಪೆಡ್ಣೆಯ ಸುರಂಗದಲ್ಲಿ ಮಣ್ಣು ಕುಸಿದು ಕುಸಿದು ಕೆಲಸ ನಿಂತಾಗ, ತನ್ನ ಹೋಟೆಲಿನ ಗೋಡೆಯೇ ಬಿದ್ದಂತೆ ಬೇಸರಪಟ್ಟುಕೊಂಡಿದ್ದರಂತೆ. ಗಲ್ಲದ ಕೆಳಗಿನ ಖಾನೆಯಲ್ಲಿ ಆ ಸುದ್ದಿಗಳ ತುಣುಕುಗಳನ್ನು ರಬ್ಬರು ಹಾಕಿ ಇಟ್ಟಿದ್ದಾರೆ. ಅದರ ಪಕ್ಕದಲ್ಲೇ ಒಂದು ವಹಿ. ಅದರಲ್ಲಿ, ಮನೆಯಲ್ಲಿ ಯಾರಿಗೂ ತಿಳಿಸದ ಭಿಶಿಯ ಸಾಲ. ಎಂಟು ತಿಂಗಳಿಂದ ಅವನು ಒಬ್ಬನೇ ಅದನ್ನು ತೀರಿಸುತ್ತಿದ್ದ. ಅಮ್ಮನಿಗೆ ಹೇಳಿರಲಿಲ್ಲ. ‘ಈಗ ರೈಲ್ ಬತ್ತ್. ಅಪ್ಪಯ್ಯ ಇಲ್ಲ’ ಎಂದ. ಆ ಮಾತು ಮುಗಿಯುವ ಮುಂಚೆಯೇ ಅವನಿಗೆ ಅಳು ಬಂತು. ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತ. ಕಲ್ಲಿನ ಗುಹೆ, ಸದ್ದು ಹಿಂದಕ್ಕೆ ಬರುತ್ತಿತ್ತು. ಅಣ್ಣ ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತ. ‘ಗಟ್ಟಿಯಾಗಿರು’ ಎಂದು ಆ ರಾತ್ರಿ ಯಾರೂ ಹೇಳಲಿಲ್ಲ.

ಒಂದು ಸಂಗತಿ ನನಗೆ ಮಾರನೆಯ ದಿನ ಹೊಳೆಯಿತು. ಆ ಕತ್ತಲಲ್ಲಿ ಆರು ಮಂದಿಯೂ ಕನ್ನಡದಲ್ಲೇ ಮಾತಾಡಿದ್ದೆವು, ನಾಲ್ಕೈದು ಬಗೆಯ ಕನ್ನಡದಲ್ಲಿ. ಯಾರೂ ಹಾಗೆಂದು ನಿಯಮ ಮಾಡಿರಲಿಲ್ಲ. ಸಂಘದ ಸಭೆಗಳಲ್ಲಿ ಹಿರಿಯರು ‘ಕನ್ನಡ ಮಾತಾಡಿ’ ಎಂದು ಗದರಿದಾಗಲೂ ಆಗದೇ ಇದ್ದದ್ದು.

ಅಂಕೋಲೆ ಬೆಳಗಿನ ಚಾ ಕುಡಿಯುವಾಗ ಫಾರ್ಮ್ ತೆಗೆದ. ಕುಂದಾಪುರ ಅದನ್ನು ಪೂರ್ತಿ ಓದಿದ. ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಕೂಡ ನೋಡಿದ. ಮಡಚಿ ಹಿಂದಕ್ಕೆ ಕೊಟ್ಟ. ‘ಈ ವರ್ಷ ಆಗುವುದಿಲ್ಲ. ಸಾಲ ಮುಗಿಯಲಿ’ ಎಂದ. ಅಂಕೋಲೆ ಬೇಡಿದ, ಬೈದ. ಅವನು ಅಲುಗಲಿಲ್ಲ. ನಾವು ಬಂದದ್ದು ಆ ಸಹಿಗಾಗಿ ಎಂದುಕೊಂಡಿದ್ದವನಿಗೆ ಇದು ದೊಡ್ಡ ಸೋಲಾಗಿ ಕಂಡಿತು. ಶಿಖರಕ್ಕೆ ಹತ್ತುವ ಕೊನೆಯ ಐವತ್ತು ಕಡಿದಾದ ಮೆಟ್ಟಿಲುಗಳನ್ನೂ, ಮೇಲಿನ ಮಹಾದೇವನ ಪುಟ್ಟ ಗುಡಿಯನ್ನೂ ಅವನು ಮುಖ ಊದಿಸಿಕೊಂಡೇ ನೋಡಿದ.

ಇಳಿಯುವಾಗ ಕುಂದಾಪುರನೇ ಮಾತು ತೆಗೆದ. ‘ಕಾರ್ಕಳ, ನಿನ್ನ ಅಪ್ಪ ಗಲ್ಲದಲ್ಲಿ ಕೂತರೆ ಲೆಕ್ಕ ಸರಿಯಿರುತ್ತದಾ?’ ಎಂದ. ಇಪ್ಪತ್ತೆಂಟು ವರ್ಷದಲ್ಲಿ ಎಂಟಾಣೆ ಹೆಚ್ಚುಕಡಿಮೆ ಆಗಿಲ್ಲ ಎಂದೆ. ಹಾಗಾದರೆ ಶನಿವಾರ ಸಂಜೆ ಯಾರಾದರೂ ಗಲ್ಲಕ್ಕೆ ಬನ್ನಿ, ನಾನು ಮನೆಗೆ ಹೋಗಿ ಅಮ್ಮನ ಜೊತೆ ಕೂತು ಉಣ್ಣುತ್ತೇನೆ ಎಂದ. ಎಂಟು ತಿಂಗಳಲ್ಲಿ ಅವನು ಯಾರನ್ನಾದರೂ ಏನಾದರೂ ಕೇಳಿದ್ದು ಅದೇ ಮೊದಲು. ನಾವು ಸರದಿ ಹಾಕಿಕೊಂಡೆವು. ಹುಡುಗಿಯರೂ ಸರದಿಗೆ ಸೇರಿದರು; ಉಡುಪಿ ಹೋಟೆಲಿನ ಗಲ್ಲದಲ್ಲಿ ಹುಡುಗಿಯೊಬ್ಬಳು ಕೂತದ್ದನ್ನು ಕಂಡು ಕೆಲವು ಗಿರಾಕಿಗಳು ಚಿಲ್ಲರೆ ಎಣಿಸುವುದನ್ನೇ ಮರೆತರು. ಸುಮಾರು ಒಂದೂವರೆ ವರ್ಷ ನಡೆಯಿತು ಅದು. ನನ್ನ ತಂದೆ ಮಾತ್ರ ಸರದಿಯಿಲ್ಲದೆಯೂ ಹೋಗುತ್ತಿದ್ದರು.

1998ರ ಜನವರಿ 26ರಂದು, ನಮ್ಮ ಆ ರಾತ್ರಿಯಾಗಿ ಹದಿನೈದು ದಿನಕ್ಕೆ, ಕೊಂಕಣ ರೈಲ್ವೆಯ ಇಡೀ ಮಾರ್ಗ ತೆರೆಯಿತು. ಆ ಬೇಸಿಗೆಯಲ್ಲಿ ಅವನು ಅಮ್ಮನನ್ನು ಕರೆದುಕೊಂಡು ರೈಲಿನಲ್ಲೇ ಊರಿಗೆ ಹೋಗಿ ತಂದೆಯ ವರ್ಷಾಂತಿಕ ಮಾಡಿಸಿ ಬಂದ. ಸಾಲದ ಸಂಗತಿಯನ್ನು ಅಮ್ಮನಿಗೆ ರೈಲಿನಲ್ಲೇ ಹೇಳಿದನಂತೆ. ಅವರು, ‘ನಂಗೊತ್ತಿತ್ತ್’ ಎಂದರಂತೆ. ಬಿ.ಕಾಂ. ಮುಗಿಸಿದ್ದು ಎರಡು ವರ್ಷದ ಮೇಲೆ, ಹೊರಗಿನಿಂದ ಕಟ್ಟಿ.

ಈಗ ನಿಮ್ಮ ಪೈಕಿ ಯಾರಿಗಾದರೂ ಅಲ್ಲಿಗೆ ಹೋಗುವ ಮನಸ್ಸಾದರೆ ಕೆಲವು ಮಾತು. ಕಲ್ಯಾಣದಿಂದ ಮುರಬಾಡಕ್ಕೆ ಬಸ್ಸು, ಅಲ್ಲಿಂದ ಮ್ಹಸೆ, ಮ್ಹಸೆಯಿಂದ ದೇಹರಿ. ಬೆಟ್ಟದ ಎತ್ತರ ಸುಮಾರು 2,130 ಅಡಿ, ಹತ್ತಲು ಎರಡು ಗಂಟೆ ಸಾಕು. ಹಗಲಲ್ಲೇ ಹತ್ತಿ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿಗಟ್ಟಿರುತ್ತದೆ, ಆ ದಿನಗಳಲ್ಲಿ ಬೇಡವೇ ಬೇಡ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಬೆಟ್ಟ ಬಲ್ಲವರು ಒಬ್ಬರು ಜೊತೆಗಿರಲಿ. ತೊಟ್ಟಿಯ ನೀರನ್ನು ನಂಬದೆ ತಲಾ ಎರಡು ಮೂರು ಲೀಟರು ನೀರು ಕೆಳಗಿನಿಂದಲೇ ಒಯ್ಯಿರಿ, ತೊಟ್ಟಿಯಲ್ಲಿ ಕೈಕಾಲು ತೊಳೆಯಬೇಡಿ. ಹಾಡು ಹಾಕುವ ಪೆಟ್ಟಿಗೆ ಮನೆಯಲ್ಲಿರಲಿ. ಪುಷ್ಯ ಹುಣ್ಣಿಮೆಯ ಆಸುಪಾಸಿನಲ್ಲಿ ಹೋಗುವುದಾದರೆ ಮ್ಹಸೆಯ ಜೀಪಿನಲ್ಲಿ ಕೂರಲು ಜಾಗ ಸಿಗುವುದಿಲ್ಲ, ನಿಂತೇ ಹೋಗಬೇಕು.